‘ಹಸಿರು ಕಾಂಕ್ರೀಟ್’ ನಿಜಕ್ಕೂ ಎಷ್ಟು ಹಸಿರು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ಗುತ್ತಿಗೆದಾರರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪತ್ರದಲ್ಲಿ, ಫೋನಿನಲ್ಲಿ, ಕೆಲಸದ ಜಾಗದಲ್ಲಿ ನಿಂತು, ಪರಿಸರಕ್ಕೆ ಕಡಿಮೆ ಹಾನಿ ಮಾಡುವ ಕಾಂಕ್ರೀಟಿನ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಉಳಿಸಿದ್ದೇನೆ. ಸುಲಭದವು ಮೊದಲು, ಲೆಕ್ಕದ ಸಿಕ್ಕುಗಳು ಕೊನೆಗೆ.

## ಮೊದಲು ತಿಳಿಯಬೇಕಾದದ್ದು

ಹೊಗೆ ಉಗುಳುವ ಕಾರ್ಖಾನೆಗಳು ಎಷ್ಟೋ ಇವೆ. ಸಿಮೆಂಟನ್ನೇ ಏಕೆ ದೂರುತ್ತೀರಿ?

ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಪಾಲು ದೊಡ್ಡದು ಎಂಬುದಕ್ಕಿಂತ, ಅದು ಹುಟ್ಟುವ ಬಗೆಯೇ ತೊಡಕಿನದು. ವಾಡಿ, ಸೇಡಂ, ಶಹಾಬಾದ್ ಕಡೆ ಸಿಗುವ ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 1450 ಡಿಗ್ರಿಗೆ ಕಾಯಿಸಿದಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಅದನ್ನು ಸ್ವಲ್ಪ ಜಿಪ್ಸಂ ಜೊತೆ ಅರೆದರೆ ಸಿಮೆಂಟ್. ಕಾಯುವಾಗ ಕಲ್ಲು ತಾನೇ ಒಡೆದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲಿನಿಂದ 44 ಕಿಲೋ ಅನಿಲವಾಗಿ ಹೋಗುತ್ತದೆ. ಕ್ಲಿಂಕರಿನ ಒಟ್ಟು ಹೊರಸೂಸುವಿಕೆಯಲ್ಲಿ ಹೆಚ್ಚುಕಡಿಮೆ ಶೇ 60 ಕಲ್ಲಿನದು, ಉಳಿದದ್ದು ಇಂಧನದ್ದು. ಗೂಡನ್ನು ನಾಳೆಯೇ ಸೌರಶಕ್ತಿಯಿಂದ ಉರಿಸಿದರೂ ಆ ಶೇ 60 ಅಲ್ಲೇ ಉಳಿಯುತ್ತದೆ. ಪರ್ಯಾಯಗಳ ಹುಡುಕಾಟವೆಲ್ಲ ‘ಕ್ಲಿಂಕರನ್ನು ಎಷ್ಟು ಕಡಿಮೆ ಮಾಡಬಹುದು’ ಎಂಬಲ್ಲಿಗೇ ಬಂದು ನಿಲ್ಲುವುದು ಇದಕ್ಕಾಗಿ.

ಕಾಂಕ್ರೀಟಿನಲ್ಲಿ ಜಲ್ಲಿ, ಮರಳೇ ಹೆಚ್ಚಲ್ಲವೇ? ಸಿಮೆಂಟ್ ಎಷ್ಟು ಮಹಾ ಇರುತ್ತದೆ?

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕಿಲೋ ತೂಗುತ್ತದೆ. ಮನೆಗೆ ಸಾಮಾನ್ಯವಾಗಿ ಬಳಸುವ ಎಂ25 ಎಂಬ ಬಲದ ದರ್ಜೆಯಲ್ಲಿ ಸಿಮೆಂಟ್ 340 ಕಿಲೋ ಆಸುಪಾಸು, ಅಂದರೆ ತೂಕದಲ್ಲಿ ಏಳರಲ್ಲಿ ಒಂದು ಪಾಲು. ಆದರೆ ಸರಳುಗಳನ್ನು ಬಿಟ್ಟು ಬರೀ ಕಾಂಕ್ರೀಟಿನ ಇಂಗಾಲ ಲೆಕ್ಕ ಹಾಕಿದರೆ ಬಹುಪಾಲು ಆ ಒಂದು ಪಾಲಿನಿಂದಲೇ ಬರುತ್ತದೆ.

ಹಾಗೆಂದು ಜಲ್ಲಿ, ಮರಳು ನಿರಪರಾಧಿಗಳಲ್ಲ. ಹೊಳೆಯ ಮರಳು ತೆಗೆದಲ್ಲಿ ಪಾತ್ರ ಕುಸಿಯುತ್ತದೆ, ಪಕ್ಕದ ಬಾವಿಗಳ ನೀರು ಇಳಿಯುತ್ತದೆ. ಕಲ್ಲುಗಣಿಯ ಸುತ್ತಲಿನ ಊರು ದೂಳು ಕುಡಿಯುತ್ತದೆ. ಈ ಹಾನಿಗಳು ಇಂಗಾಲದ ಅಂಕಿಯಲ್ಲಿ ಕಾಣುವುದೇ ಇಲ್ಲ. ಒಂದೇ ಅಂಕಿ ಹಿಡಿದು ‘ಇದು ಹಸಿರು’ ಎಂದು ತೀರ್ಪು ಕೊಡುವವರನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಚೀಲದ ಮೇಲೆ ‘ಪರಿಸರಸ್ನೇಹಿ’ ಎಂದು ಬರೆದಿದ್ದರೆ ನಂಬಬಹುದೇ?

ಆ ಪದವನ್ನು ಬಿಟ್ಟು ಚೀಲದ ಮೇಲಿನ ಐಎಸ್ ಸಂಖ್ಯೆ, ಅಂದರೆ ಭಾರತೀಯ ಮಾನದಂಡದ ಸಂಖ್ಯೆ ನೋಡಿ. ಅದು ಒಳಗಿರುವುದೇನೆಂದು ಹೇಳುತ್ತದೆ. ಓಪಿಸಿ ಎಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್, ಬಹುತೇಕ ಕ್ಲಿಂಕರ್, ಶೇ 95 ಆಸುಪಾಸು. ಐಎಸ್ 1489 ಎಂದಿದ್ದರೆ ಪಿಪಿಸಿ, ಅದರಲ್ಲಿ ಶೇ 15ರಿಂದ 35 ಹಾರುಬೂದಿ, ಅಂದರೆ ಕಲ್ಲಿದ್ದಲ ವಿದ್ಯುತ್ ಸ್ಥಾವರದ ನುಣ್ಣನೆಯ ಬೂದಿ ಇರುತ್ತದೆ. ಐಎಸ್ 455 ಎಂದರೆ ಪಿಎಸ್‌ಸಿ. ಕಬ್ಬಿಣದ ಊದುಕುಲುಮೆಯ ಕಿಟ್ಟ, ಅಂದರೆ ಸ್ಲ್ಯಾಗ್, ಶೇ 70ರವರೆಗೂ ಇರಬಹುದು. ಐಎಸ್ 16415 ಎಂದರೆ ಬೂದಿ ಮತ್ತು ಕಿಟ್ಟ ಎರಡೂ ಬೆರೆತ ಸಂಯುಕ್ತ ಸಿಮೆಂಟ್. 2023ರಲ್ಲಿ ಬಂದ ಐಎಸ್ 18189 ಸುಟ್ಟ ಜೇಡಿ ಮತ್ತು ಸುಣ್ಣದಕಲ್ಲಿನ ಪುಡಿ ಬೆರೆತ ಸಿಮೆಂಟಿನದು.

## ಮನೆ ಕಟ್ಟುವವರ ಪ್ರಶ್ನೆಗಳು

ಹತ್ತು ಚದರದ ತಾರಸಿ ಹಾಕಿಸುತ್ತಿದ್ದೇವೆ. ಸಿಮೆಂಟ್ ಬದಲಿಸಿದರೆ ಎಷ್ಟು ವ್ಯತ್ಯಾಸ? ಲೆಕ್ಕ ಹಾಕಿ ತೋರಿಸಿ.

ಸಾವಿರ ಚದರ ಅಡಿ, ಐದು ಇಂಚು ದಪ್ಪ ಎಂದುಕೊಳ್ಳಿ. ಸುಮಾರು 11.8 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 340 ಕಿಲೋದಂತೆ 4000 ಕಿಲೋ, ಅಂದರೆ 80 ಚೀಲ ಸಿಮೆಂಟ್.

ನಾನು ಅಂದಾಜಿಗೆ ಬಳಸುವ ಗುಣಾಂಕಗಳನ್ನೇ ಇಲ್ಲಿ ಇಡುತ್ತೇನೆ. ಒಂದು ಕಿಲೋ ಓಪಿಸಿಗೆ 0.85 ಕಿಲೋ ಇಂಗಾಲದ ಡೈಆಕ್ಸೈಡ್, ಶೇ 30 ಬೂದಿಯ ಪಿಪಿಸಿಗೆ 0.6, ಕಿಟ್ಟ ಹೆಚ್ಚಿರುವ ಪಿಎಸ್‌ಸಿಗೆ 0.4. ಅದರಂತೆ 80 ಚೀಲಕ್ಕೆ ಓಪಿಸಿಯಲ್ಲಿ 3.4 ಟನ್, ಪಿಪಿಸಿಯಲ್ಲಿ 2.4 ಟನ್, ಪಿಎಸ್‌ಸಿಯಲ್ಲಿ 1.6 ಟನ್. ಚೀಲದ ಆಯ್ಕೆಯೊಂದರಿಂದಲೇ ಒಂದರಿಂದ 1.8 ಟನ್ ಉಳಿಯಿತು.

ಇಲ್ಲಿ ಎಲ್ಲರೂ ಮರೆಯುವ ಬಾಬ್ತು ಸರಳು. ಘನ ಮೀಟರಿಗೆ 80 ಕಿಲೋ ಎಂದರೂ ಈ ತಾರಸಿಗೆ ಒಂದು ಟನ್ನಿನ ಹತ್ತಿರ ಉಕ್ಕು ಬೇಕು. ನಮ್ಮ ದೇಶದಲ್ಲಿ ಅದಿರಿನಿಂದ ಮಾಡುವ ಪ್ರತಿ ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸಿಮೆಂಟ್ ಬದಲಿಸಿ ಉಳಿಸಿದ್ದನ್ನು ‘ಇರಲಿ, ಗಟ್ಟಿಯಾಗಿರಲಿ’ ಎಂದು ಹೆಚ್ಚುವರಿ ಸರಳು ಕಟ್ಟಿಸಿ ಕಳೆಯಬಾರದು. ವಿನ್ಯಾಸ ಮಾಡಿದ ಎಂಜಿನಿಯರ್ ಕೊಟ್ಟ ನಕ್ಷೆಯಷ್ಟೇ ಸರಳು ಸಾಕು.

ಮೇಸ್ತ್ರಿ ‘ಪಿಪಿಸಿ ಗೋಡೆಗೆ ಸರಿ, ತಾರಸಿಗೆ ಆಗುವುದಿಲ್ಲ’ ಎನ್ನುತ್ತಾರೆ. ಏನು ಮಾಡಲಿ?

ಮೇಸ್ತ್ರಿಯ ಮಾತನ್ನು ತಳ್ಳಿಹಾಕಬೇಡಿ. ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ, ಕಾರಣ ಮಾತ್ರ ಬೇರೆ. ಬೂದಿ ಬೆರೆತ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಕ್ಲಿಂಕರ್ ನೀರಿನೊಂದಿಗೆ ಸೇರಿದಾಗ ಹೊರಬರುವ ಸುಣ್ಣವನ್ನು ಬೂದಿ ಆಮೇಲೆ ಹಿಡಿದುಕೊಂಡು ಬಂಧವಾಗಿಸುತ್ತದೆ. ಅದಕ್ಕೆ ದಿನಗಳೂ ತೇವವೂ ಬೇಕು. ಓಪಿಸಿಗೆ ಕನಿಷ್ಠ ಏಳು ದಿನ, ಬೆರಕೆ ಸಿಮೆಂಟಿಗೆ ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಆ ಮೂರು ದಿನಗಳಲ್ಲೇ ಇಡೀ ಜಗಳ ಅಡಗಿದೆ.

ಹುಬ್ಬಳ್ಳಿ ಹತ್ತಿರದ ಒಂದು ಮನೆಯ ತಾರಸಿ ನೆನಪಿದೆ. ಏಪ್ರಿಲ್ ಬಿಸಿಲು. ಪಾತಿ ಕಟ್ಟಿ ನೀರು ನಿಲ್ಲಿಸಿದ್ದರು, ಆದರೆ ನಾಲ್ಕನೆಯ ದಿನ ಟ್ಯಾಂಕರ್ ಬರಲಿಲ್ಲವೆಂದು ಅಲ್ಲಿಗೇ ಬಿಟ್ಟರು. ಎರಡು ವಾರದ ನಂತರ ಹೋಗಿ ಅಂಗೈ ಉಜ್ಜಿದರೆ ಬೂದುಬಣ್ಣದ ಪುಡಿ ಕೈಗೆ ಹತ್ತಿತು. ಮೊಳೆಯಿಂದ ಗೀರಿದರೆ ಗೆರೆ ಆಳವಾಗಿ ಮೂಡಿತು. ಅದೇ ದಿನ, ಅದೇ ಮಿಶ್ರಣದಿಂದ ತುಂಬಿಸಿ ನೀರಿನ ತೊಟ್ಟಿಯಲ್ಲಿ ಇಟ್ಟಿದ್ದ ಪರೀಕ್ಷೆಯ ಘನಗಳು (ಕ್ಯೂಬುಗಳು) 28ನೇ ದಿನದ ಪರೀಕ್ಷೆಯಲ್ಲಿ ಆರಾಮವಾಗಿ ಪಾಸಾದವು. ಅಲ್ಲಿದ್ದವರೆಲ್ಲ ಸಿಮೆಂಟನ್ನು ಬೈದರು. ಕೆಟ್ಟಿದ್ದು ನೀರುಣಿಸುವ ಕೆಲಸ.

ಆದ್ದರಿಂದ ಪಿಪಿಸಿ ತಾರಸಿಗೆ ಧಾರಾಳವಾಗಿ ಆಗುತ್ತದೆ. ಹತ್ತು ದಿನ, ಸಾಧ್ಯವಾದರೆ ಹದಿನಾಲ್ಕು ದಿನ ಒದ್ದೆ ಗೋಣಿ ಅಥವಾ ನಿಂತ ನೀರು ಇರಲಿ. ಸೆಂಟ್ರಿಂಗ್ ಬಿಚ್ಚುವುದಕ್ಕೂ ಓಪಿಸಿಯ ಲೆಕ್ಕ ಹಿಡಿಯದೆ ಕೆಲವು ದಿನ ಹೆಚ್ಚು ಕೊಡಿ.

ಹಾಗಾದರೆ ಸಿಮೆಂಟನ್ನೇ ಎರಡು ಚೀಲ ಕಡಿಮೆ ಹಾಕಿಸಿದರೆ ಆಗದೇ?

ನೀರು ಕಡಿಮೆ ಮಾಡಿ, ಆಮೇಲೆ ಸಿಮೆಂಟಿನ ಮಾತು. ಒಂದು ಚೀಲಕ್ಕೆ 25 ಲೀಟರ್ ನೀರು ಎಂದು ವಿನ್ಯಾಸ ಮಾಡಿರುತ್ತಾರೆ. ಕೆಲಸದ ಜಾಗದಲ್ಲಿ ಮಾಲು ಸಲೀಸಾಗಿ ಹರಿಯಲೆಂದು ಇನ್ನೊಂದು ಅರ್ಧ ಕೊಡ ಸುರಿಯುತ್ತಾರೆ, ಆ ನಷ್ಟ ತುಂಬಲು ಮತ್ತೆ ಸಿಮೆಂಟ್ ಸೇರಿಸುತ್ತಾರೆ. ಜಲ್ಲಿಯ ಗಾತ್ರಗಳು ಹದವಾಗಿ ಬೆರೆತಿದ್ದರೆ, ನೀರು ತಗ್ಗಿಸುವ ರಾಸಾಯನಿಕವನ್ನು ಅಳತೆಯಿಂದ ಹಾಕಿದರೆ, ಅದೇ ಬಲಕ್ಕೆ ಸಿಮೆಂಟ್ ನಿಜವಾಗಿಯೂ ಇಳಿಯುತ್ತದೆ. ಆದರೆ ಸರಳಿರುವ ಕಾಂಕ್ರೀಟಿಗೆ ಐಎಸ್ 456 ಸಾಧಾರಣ ವಾತಾವರಣದಲ್ಲೂ ಘನ ಮೀಟರಿಗೆ 300 ಕಿಲೋಗಿಂತ ಕೆಳಗಿಳಿಯಲು ಬಿಡುವುದಿಲ್ಲ. ಬೂದಿ, ಕಿಟ್ಟವನ್ನು ಮಿತಿಯೊಳಗೆ ಈ 300ರಲ್ಲಿ ಸೇರಿಸಿಕೊಳ್ಳಬಹುದು.

ಮಂಗಳೂರಿನಲ್ಲಿ ಸಮುದ್ರದ ಹತ್ತಿರ ಮನೆ. ಪರಿಸರ ನೋಡಲೇ, ಬಾಳಿಕೆ ನೋಡಲೇ?

ಕರಾವಳಿಯಲ್ಲಿ ಎರಡೂ ಒಂದೇ ದಾರಿಗೆ ಬರುತ್ತವೆ. ಉಪ್ಪುಗಾಳಿಯ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಸರಳನ್ನು ತುಕ್ಕು ಹಿಡಿಸುತ್ತದೆ. ಕಿಟ್ಟ ಅಥವಾ ಹಾರುಬೂದಿ ಬೆರೆತ, ಚೆನ್ನಾಗಿ ನೀರುಂಡ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ಕಿರಿದಾಗಿದ್ದು ಕ್ಲೋರೈಡ್ ನಿಧಾನವಾಗಿ ಇಳಿಯುತ್ತದೆ. ಅಲ್ಲಿ ನಾನು ಪಿಎಸ್‌ಸಿಯನ್ನೇ ಹೇಳುತ್ತೇನೆ. ಜೊತೆಗೆ ದರ್ಜೆ ಎಂ30, ಸರಳಿನ ಹೊದಿಕೆ 45 ಮಿಲಿಮೀಟರ್. ಇಪ್ಪತ್ತು ವರ್ಷಕ್ಕೆ ಚಕ್ಕೆ ಉದುರಿ ಮತ್ತೆ ಕಟ್ಟುವ ಮನೆ ಯಾವ ಸಿಮೆಂಟಿನದಾದರೂ ಹಸಿರಲ್ಲ.

ಕಾಂಕ್ರೀಟನ್ನೇ ಬಿಟ್ಟು ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಬಹುದಲ್ಲವೇ?

ಗೋಡೆಗಳಿಗೆ ಖಂಡಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಕೆಲಸವನ್ನು ದಶಕಗಟ್ಟಲೆ ಮಾಡಿದೆ. ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಒಣಗಿಸಿದ ಇಟ್ಟಿಗೆಗೆ ಗೂಡಿನಲ್ಲಿ ಸುಟ್ಟ ಇಟ್ಟಿಗೆಗಿಂತ ಬಹಳ ಕಡಿಮೆ ಶಕ್ತಿ ಸಾಕು. ಎರಡು ಅಂತಸ್ತಿನವರೆಗೆ ಭಾರ ಹೊರುವ ಗೋಡೆ ಕಟ್ಟಿದರೆ ಕಂಬ, ತೊಲೆಗಳ ಕಾಂಕ್ರೀಟೂ ಉಳಿಯುತ್ತದೆ. ತಾರಸಿಯಲ್ಲೂ ಕೆಳಭಾಗದ ಭಾರ ಹೊರದ ಕಾಂಕ್ರೀಟಿನ ಬದಲು ಹಳೆ ಹೆಂಚು ತುಂಬುವ ಫಿಲ್ಲರ್ ಸ್ಲ್ಯಾಬ್ ವಿಧಾನವಿದೆ. ಇಪ್ಪತ್ತು ವರ್ಷ ಮಿಶ್ರಣಗಳ ಜೊತೆ ಕಳೆದವನಾಗಿ ಹೇಳುತ್ತೇನೆ: ಸುರಿಯದೆ ಉಳಿಸಿದ ಕಾಂಕ್ರೀಟಿಗೆ ಸಮನಾದ ಪರ್ಯಾಯ ನನಗೆ ಇನ್ನೂ ಸಿಕ್ಕಿಲ್ಲ.

## ಪರ್ಯಾಯಗಳು, ಒಂದೊಂದಾಗಿ

ಕನ್ನಂಬಾಡಿ ಕಟ್ಟೆಗೆ ಸಿಮೆಂಟೇ ಹಾಕಿಲ್ಲವಂತೆ. ನಾವೂ ಗಾರೆಗೆ ಮರಳಬಾರದೇಕೆ?

1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಗಾರೆ. ಆದರೆ ಅದು ಕಲ್ಲುಕಟ್ಟಡದ ಅಣೆಕಟ್ಟು. ತನ್ನ ಭಾರದಿಂದಲೇ ನಿಲ್ಲುವಂಥದ್ದು. ಬಾಗುವ ತಾರಸಿ, ಚಾಚಿದ ಬಾಲ್ಕನಿಗಳ ಕೆಲಸ ಬೇರೆ.

ಸುಣ್ಣವೂ ಅದೇ ಕಲ್ಲನ್ನು ಸುಟ್ಟು ಬರುವಂಥದ್ದು. ಗೋಡೆಯಲ್ಲಿ ಗಾಳಿಯಿಂದ ಇಂಗಾಲವನ್ನು ಮರಳಿ ಹೀರಿ ಗಟ್ಟಿಯಾಗುತ್ತದೆ ನಿಜ, ಗೂಡಿಗೆ ಹಾಕಿದ ಇಂಧನದ ಇಂಗಾಲ ಮಾತ್ರ ಮರಳುವುದಿಲ್ಲ. ಗಿಲಾಯಿಗೆ, ಹಳೆ ಕಟ್ಟಡಗಳ ದುರಸ್ತಿಗೆ ಗಾರೆ ಅತ್ಯುತ್ತಮ. ಸುರ್ಕಿಯಿಂದ ಕಲಿಯಬೇಕಾದ ದೊಡ್ಡ ಪಾಠ ಇನ್ನೊಂದಿದೆ: ಸುಟ್ಟ ಜೇಡಿ ಸುಣ್ಣದ ಜೊತೆ ಸೇರಿ ಬಂಧವಾಗುತ್ತದೆ ಎಂಬುದು.

ಎಲ್‌ಸಿ3 ಎಂದು ಈಗ ಎಲ್ಲ ಕಡೆ ಕೇಳುತ್ತಿದ್ದೇವೆ. ಅದೇನು?

ಸುರ್ಕಿಯ ಆ ಗುಟ್ಟನ್ನೇ ಅಳತೆಗೆ ತಂದ ಸಿಮೆಂಟ್. ಕ್ಲಿಂಕರ್ ಶೇ 50, ಸುಟ್ಟ ಜೇಡಿ ಶೇ 30, ಸುಡದ ಸುಣ್ಣದಕಲ್ಲಿನ ಪುಡಿ ಶೇ 15, ಜಿಪ್ಸಂ ಶೇ 5 ಎಂಬುದು ಅದರ ಮೂಲ ಪಾಕ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಂತ್ರಜ್ಞಾನ ಸಂಸ್ಥೆ, ಕ್ಯೂಬಾದ ಸಂಶೋಧಕರು ಮತ್ತು ನಮ್ಮ ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳು ಕೂಡಿ ಬೆಳೆಸಿದ್ದು. ಜೇಡಿಯನ್ನು 700ರಿಂದ 850 ಡಿಗ್ರಿಗೆ ಸುಟ್ಟರೆ ಸಾಕು, ಅದು ಬಿಡುವುದು ಹೆಚ್ಚಾಗಿ ನೀರಾವಿ. ಟೈಲ್ಸ್ ಕಾರ್ಖಾನೆಗೆ ಬೇಕಾದಷ್ಟು ಬಿಳಿ ಜೇಡಿಯೇ ಆಗಬೇಕೆಂದಿಲ್ಲ, ಕೆಯೋಲಿನೈಟ್ ಎಂಬ ಜೇಡಿಯ ಖನಿಜ ಶೇ 40 ಇದ್ದರೂ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಕೆಂಪುಕಲ್ಲಿನ ಅಡಿ ಸಿಗುವ ಶೇಡಿ ಮಣ್ಣಿನಲ್ಲೂ ಕೆಯೋಲಿನೈಟ್ ಇದೆ. ಪ್ರತಿ ನಿಕ್ಷೇಪವನ್ನೂ ಪರೀಕ್ಷಿಸಿಯೇ ಹೇಳಬೇಕು.

ಪ್ರಚಾರದಲ್ಲಿ ‘ಶೇ 40ರವರೆಗೆ ಉಳಿತಾಯ’ ಎಂದು ಕಂಡರೆ ಯಾವುದಕ್ಕೆ ಹೋಲಿಸಿ ಎಂದು ಕೇಳಿ. ಅದು ಓಪಿಸಿಗೆ ಹೋಲಿಸಿದ ಮಾತು. ನನ್ನ ಅಂದಾಜು ಗುಣಾಂಕದಲ್ಲಿ ಎಲ್‌ಸಿ3 0.54, ಪಿಪಿಸಿ 0.6, ಈಗಾಗಲೇ ಒಳ್ಳೆಯ ಪಿಪಿಸಿ ಬಳಸುವವರಿಗೆ ಹತ್ತರಲ್ಲಿ ಒಂದು ಪಾಲು ಲಾಭ. ಅದರ ನಿಜವಾದ ಬೆಲೆ ಬೇರೆ ಕಡೆ ಇದೆ: ಕಲ್ಲಿದ್ದಲ ಸ್ಥಾವರಗಳು ಮುಚ್ಚಿದ ಮೇಲೂ ಜೇಡಿ ಸಿಗುತ್ತದೆ.

ಜಿಯೋಪಾಲಿಮರ್‌ನಲ್ಲಿ ಸಿಮೆಂಟೇ ಇಲ್ಲ. ಅಂದರೆ ಇಂಗಾಲ ಸೊನ್ನೆಯೇ?

ಅಲ್ಲ. ಜಿಯೋಪಾಲಿಮರಿನಲ್ಲಿ ಸಿಮೆಂಟಿನ ಬದಲು ಬೂದಿ ಅಥವಾ ಕಿಟ್ಟವೇ ಬಂಧವಾಗುತ್ತದೆ, ಅದನ್ನು ಎಬ್ಬಿಸಿ ಗಟ್ಟಿಯಾಗಿಸಲು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ಬೇಕು. ಸಿಲಿಕೇಟ್ ತಯಾರಿಸಲು ಮರಳು ಮತ್ತು ಸೋಡಾ ಬೂದಿಯನ್ನು ಸಾವಿರ ಡಿಗ್ರಿಗೂ ಮೀರಿ ಕರಗಿಸುತ್ತಾರೆ. ಕಾಸ್ಟಿಕ್ ಸೋಡಾಕ್ಕೆ ಉಪ್ಪುನೀರನ್ನು ವಿದ್ಯುತ್ತಿನಿಂದ ಒಡೆಯುತ್ತಾರೆ. ಇವುಗಳ ಭಾರ ಸೇರಿಸಿದ ಮೇಲೂ ಇಂಗಾಲದಲ್ಲಿ ಸಾಮಾನ್ಯವಾಗಿ ಲಾಭವೇ, ಆದರೆ ಎಷ್ಟು ಎಂಬುದು ಸಿಲಿಕೇಟ್ ಎಷ್ಟು ಸುರಿದಿರಿ ಎಂಬುದರ ಮೇಲೆ ನಿಂತಿದೆ. ವಿಷಕಾರಿ ಪರಿಣಾಮದ ಬಾಬ್ತಿನಲ್ಲಿ ಕೆಲವೊಮ್ಮೆ ಓಪಿಸಿಗಿಂತ ಹಿಂದೆ ಬೀಳುತ್ತದೆ. ಬೂದಿ ಆಧಾರಿತ ಮಿಶ್ರಣವನ್ನು 60 ಡಿಗ್ರಿಯಲ್ಲಿ ಒಂದು ದಿನ ಬೇಯಿಸುವುದಾದರೆ ಆ ಶಕ್ತಿಯನ್ನೂ ಕೂಡಿಸಬೇಕು.

ಆಸ್ಟ್ರೇಲಿಯಾದ ಟೂವೂಂಬಾ ಬಳಿ 2014ರಲ್ಲಿ ತೆರೆದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಹಾಸಿದ್ದಾರೆ. ನಮ್ಮಲ್ಲಿ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಪೇವರ್, ಬ್ಲಾಕ್‌ಗಳಿಗೆ ಸೂಕ್ತ. ಕೈಗವಸು ಇಲ್ಲದೆ ಬಾಂಡ್ಲಿ ಹೊರುವ ಕೆಲಸಗಾರರ ನಡುವೆ ಕಾಸ್ಟಿಕ್ ದ್ರಾವಣ ತರಲು ನಾನು ಒಪ್ಪುವುದಿಲ್ಲ.

ನಾವು ಗಂಗಾವತಿಯವರು. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ರಾಶಿ ಬಿದ್ದಿದೆ. ಕಾಂಕ್ರೀಟಿಗೆ ಹಾಕಬಹುದೇ?

ಹೊಟ್ಟು ಸುಟ್ಟರೆ ಐದರಲ್ಲಿ ಒಂದು ಪಾಲು ಬೂದಿ, ಅದರಲ್ಲಿ ಹೆಚ್ಚಿನದು ಸಿಲಿಕಾ. ಸುಮಾರು 700 ಡಿಗ್ರಿ ದಾಟದಂತೆ ಹದವಾಗಿ ಸುಟ್ಟಿದ್ದರೆ ಅದು ಚುರುಕಾದ ಸಿಲಿಕಾ. ಬಾಯ್ಲರಿನಲ್ಲಿ ಹೆಚ್ಚು ಕಾದಿದ್ದರೆ ಹರಳುಗಟ್ಟಿ ಬರೀ ಮರಳಿನಂತಾಗುತ್ತದೆ. ಕಪ್ಪು ಬೂದಿಯಲ್ಲಿ ಸುಡದ ಇಂಗಾಲ ಉಳಿದಿದ್ದು ನೀರು ಕುಡಿಯುತ್ತದೆ. ರಾಶಿಯಿಂದ ನೇರ ಹಾಕಬೇಡಿ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ನುಣ್ಣಗೆ ಅರೆಸಿ, ಶೇ 10ರಿಂದ ಶುರು ಮಾಡಿ.

ಹಳೆ ಕಟ್ಟಡ ಒಡೆದ ಜಲ್ಲಿ ಬಳಸಿದರೆ ಇಂಗಾಲ ಎಷ್ಟು ಉಳಿಯುತ್ತದೆ?

ಬಹಳ ಕಡಿಮೆ, ಕೆಲವೊಮ್ಮೆ ಏನೂ ಇಲ್ಲ. ಲಾರಿ ಸಾಗಣೆಗೆ ಟನ್ನಿಗೆ, ಕಿಲೋಮೀಟರಿಗೆ ಸುಮಾರು 0.1 ಕಿಲೋ ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಂಡರೆ, ಒಂದು ಟನ್ ಜಲ್ಲಿಯನ್ನು ನೂರು ಕಿಲೋಮೀಟರ್ ತಂದರೆ ಹತ್ತು ಕಿಲೋ. ಹತ್ತಿರದ ಗಣಿಯ ಹೊಸ ಜಲ್ಲಿಯ ಇಂಗಾಲ ಅದಕ್ಕಿಂತ ಕಡಿಮೆ. ಹಳೆ ಗಾರೆ ಅಂಟಿದ ಜಲ್ಲಿ ನೀರು ಹೀರುವುದರಿಂದ ಸಿಮೆಂಟ್ ಹೆಚ್ಚಿಸಿದರಂತೂ ಲೆಕ್ಕ ತಿರುಗಿಬೀಳುತ್ತದೆ.

ಆದರೂ ಬಳಸಿ ಎಂದೇ ಹೇಳುತ್ತೇನೆ. ಕೆರೆಯಂಗಳಕ್ಕೆ ಸುರಿಯುವ ಅವಶೇಷ ಕಡಿಮೆಯಾಗುತ್ತದೆ, ಒಂದು ಗುಡ್ಡ ಉಳಿಯುತ್ತದೆ. ಜಲ್ಲಿ, ಮರಳಿನ ಮಾನದಂಡವಾದ ಐಎಸ್ 383, 2016ರ ಪರಿಷ್ಕರಣೆಯಲ್ಲಿ ಎಂ25ವರೆಗಿನ ಸರಳುಳ್ಳ ಕಾಂಕ್ರೀಟಿನ ಜಲ್ಲಿಯಲ್ಲಿ ಶೇ 20, ಸರಳಿಲ್ಲದ್ದಕ್ಕೆ ಶೇ 25, ಬುಡಕ್ಕೆ ಹಾಸುವ ಸಿಮೆಂಟ್ ಕಡಿಮೆಯ ಬಡ ಕಾಂಕ್ರೀಟಿಗೆ ಪೂರ್ತಿ ಶೇ 100ರವರೆಗೆ ಅವಕಾಶ ಕೊಟ್ಟಿದೆ.

## ಲೆಕ್ಕದ ಒಳಸುಳಿಗಳು

ಜೀವನಚಕ್ರ ಮೌಲ್ಯಮಾಪನವನ್ನು ಎಲ್ಲಿಂದ ಶುರು ಮಾಡಿ ಎಲ್ಲಿಗೆ ನಿಲ್ಲಿಸಬೇಕು?

ಒಂದು ವಸ್ತು ಗಣಿಯಿಂದ ವಿಲೇವಾರಿಯವರೆಗೆ ಪರಿಸರದ ಮೇಲೆ ಹಾಕುವ ಭಾರದ ಲೆಕ್ಕವೇ ಈ ಮೌಲ್ಯಮಾಪನ. ಅಂತರರಾಷ್ಟ್ರೀಯ ಮಾನದಂಡಗಳಾದ ಐಎಸ್ಒ 14040 ಮತ್ತು 14044 ಇದರ ವಿಧಾನ ಹೇಳುತ್ತವೆ. ಗಣಿಯಿಂದ ಕಾರ್ಖಾನೆಯ ಬಾಗಿಲವರೆಗೆ ಲೆಕ್ಕ ಹಾಕುವುದು ಸುಲಭ, ಹೆಚ್ಚಿನ ವರದಿಗಳು ಅಲ್ಲೇ ನಿಲ್ಲುತ್ತವೆ. ಆದರೆ ದುರಸ್ತಿ, ಒಡೆಯುವಿಕೆ, ವಿಲೇವಾರಿ ಎಲ್ಲವೂ ಬಾಗಿಲಿನಾಚೆಗಿವೆ.

ಅದಕ್ಕೂ ಮೊದಲು ಹೋಲಿಕೆಯ ಘಟಕ ಸರಿಯಿರಬೇಕು. ‘ಒಂದು ಘನ ಮೀಟರ್ ಕಾಂಕ್ರೀಟ್’ ಎಂಬುದು ದುರ್ಬಲ ಘಟಕ. ಎರಡು ಮಿಶ್ರಣಗಳ ಬಲ ಬೇರೆಯಾದರೆ ಕಂಬದ ಗಾತ್ರವೇ ಬೇರೆಯಾಗುತ್ತದೆ. ‘ಇಷ್ಟು ಭಾರವನ್ನು, ಇಂಥ ವಾತಾವರಣದಲ್ಲಿ, 50 ವರ್ಷ ಹೊರುವ ಒಂದು ಕಂಬ’ ಎಂದು ಬರೆಯಿರಿ. ಹಾಗೆ ಬರೆದ ಕೂಡಲೇ ಎಷ್ಟೋ ‘ಹಸಿರು’ ಮಿಶ್ರಣಗಳ ಸ್ಥಾನ ಬದಲಾಗುವುದನ್ನು ನೋಡಿದ್ದೇನೆ.

ಹಾರುಬೂದಿಯ ಇಂಗಾಲ ಸೊನ್ನೆ ಎಂದು ಬರೆಯುವುದು ಸರಿಯೇ? ಅದು ಕಲ್ಲಿದ್ದಲು ಸುಟ್ಟ ಬೂದಿಯಲ್ಲವೇ?

ಇಡೀ ಕ್ಷೇತ್ರದಲ್ಲೇ ಅತಿ ಹೆಚ್ಚು ವಾದ ನಡೆದಿರುವ ಪ್ರಶ್ನೆ ಇದು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುವುದು ವಿದ್ಯುತ್ತಿಗಾಗಿ. ಬೂದಿ ಯಾರೂ ಬೇಡದ ತ್ಯಾಜ್ಯ ಎಂದರೆ ಅದರ ಪಾಲು ಸೊನ್ನೆ. ತೂಕದ ಪ್ರಕಾರ ಹಂಚಿದರೆ ಬೂದಿಯ ಮೇಲೆ ಎಷ್ಟು ಭಾರ ಬೀಳುತ್ತದೆಂದರೆ ಅದು ಕ್ಲಿಂಕರಿಗಿಂತ ಕೆಟ್ಟದಾಗಿ ಕಾಣುತ್ತದೆ. ಹಣದ ಪ್ರಕಾರ ಹಂಚಿದರೆ ಸಣ್ಣ ಪಾಲು ಬರುತ್ತದೆ, ಆದರೆ ಬೂದಿಯ ಬೆಲೆ ಏರಿದಂತೆ ಅದೂ ಏರುತ್ತದೆ. ಒಂದೇ ಬೂದಿಗೆ ಮೂರು ಉತ್ತರ.

ನಾನು ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಾನು ಇದನ್ನು ಬಳಸದಿದ್ದರೆ ಏನಾಗುತ್ತಿತ್ತು? ದೇಶದಲ್ಲಿ ವರ್ಷಕ್ಕೆ 25 ಕೋಟಿ ಟನ್ನಿಗೂ ಹೆಚ್ಚು ಹಾರುಬೂದಿ ಬರುತ್ತದೆ. ನನ್ನ ಪಾಲು ಬೂದಿಹೊಂಡದಲ್ಲಿ ಬಿದ್ದು ಬೇಸಿಗೆಯ ಗಾಳಿಗೆ ಊರಿನ ಮೇಲೆ ಹಾರುತ್ತಿತ್ತು ಎಂದಾದರೆ ಲಾಭ ನಿಜ. ತೋರಣಗಲ್ಲಿನಂಥ ಉಕ್ಕು ಕಾರ್ಖಾನೆಯ ಕಿಟ್ಟ ಹಾಗಲ್ಲ. ಅದಕ್ಕೆ ಸಿಮೆಂಟ್ ಕಂಪನಿಗಳಿಂದ ಮೊದಲೇ ಬೇಡಿಕೆ ಇದೆ. ನಾನು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ. ನನ್ನ ಕಾಗದದಲ್ಲಿ ಉಳಿತಾಯ, ಒಟ್ಟಾರೆ ಗಾಳಿಗೆ ವ್ಯತ್ಯಾಸವಿಲ್ಲ. ಆದ್ದರಿಂದ ಕಿಟ್ಟ ಕರಾವಳಿಯಂಥ ಕಡೆ, ಅದರ ಗುಣ ಬೇಕೇ ಬೇಕಾದಲ್ಲಿ ಹೋಗಲಿ ಎಂಬುದು ನನ್ನ ಅಭಿಪ್ರಾಯ.

ಕಾಂಕ್ರೀಟ್ ಗಾಳಿಯಿಂದ ಇಂಗಾಲವನ್ನು ಮರಳಿ ಹೀರುತ್ತದಂತೆ. ಅದನ್ನು ಕಳೆಯಬಹುದೇ?

ಹೀರುತ್ತದೆ. 1930ರಿಂದ 2013ರವರೆಗೆ ಸುಣ್ಣದಕಲ್ಲಿನಿಂದ ಹೊರಬಿದ್ದ ಇಂಗಾಲದಲ್ಲಿ ಸುಮಾರು ಶೇ 43ರಷ್ಟನ್ನು ಸಿಮೆಂಟಿನ ವಸ್ತುಗಳು ಮರಳಿ ಹೀರಿವೆ ಎಂದು 2016ರ ಅಧ್ಯಯನವೊಂದು ಅಂದಾಜಿಸಿತು. ಇಂಧನದ ಇಂಗಾಲ ಅದರಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಿ. ಹೀಗೆ ಹೀರಿದ್ದರಲ್ಲಿ ತೆಳುವಾದ ಗಿಲಾಯಿ, ಗಾರೆಯ ಪಾಲು ದೊಡ್ಡದು.

ಸರಳುಳ್ಳ ಕಂಬದಲ್ಲಿ ಇದೇ ಕ್ರಿಯೆ ಶತ್ರು. ಇಂಗಾಲ ಒಳಗಿಳಿದಂತೆ ಕಾಂಕ್ರೀಟಿನ ಕ್ಷಾರಗುಣ ಇಳಿದು ಸರಳಿಗಿದ್ದ ರಕ್ಷಣೆ ಹೋಗುತ್ತದೆ. ಕ್ಲಿಂಕರ್ ಕಡಿಮೆಯಿರುವ ಮಿಶ್ರಣಗಳಲ್ಲಿ ಹಿಡಿದುಕೊಳ್ಳುವ ಸುಣ್ಣವೂ ಕಡಿಮೆ, ಹಾಗಾಗಿ ಇಂಗಾಲ ಬೇಗ ಇಳಿಯುತ್ತದೆ. ಕಳೆಯುವುದಾದರೆ ಪ್ರತ್ಯೇಕ ಸಾಲಿನಲ್ಲಿ, ಯಾವ ಮೇಲ್ಮೈಗೆ ಎಷ್ಟು ವರ್ಷಕ್ಕೆ ಎಂದು ಬರೆದು ಕಳೆಯಿರಿ.

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಹೊಸ ಮಿಶ್ರಣ ಮಾಡುತ್ತಿದ್ದೇವೆ. ಏನೇನು ಅಳೆಯಬೇಕು?

28ನೇ ದಿನದ ಬಲ ಅಳೆದು, ಸಿಮೆಂಟ್ ಶೇ 40 ಕಡಿಮೆಯಾದ್ದರಿಂದ ಇಂಗಾಲವೂ ಶೇ 40 ಕಡಿಮೆ ಎಂದು ಬರೆದ ವರದಿಗಳನ್ನು ಸಾಕಷ್ಟು ತಿದ್ದಿದ್ದೇನೆ. ಘನ ಮೀಟರಿನ ಇಂಗಾಲವನ್ನು ಬಲದಿಂದ ಭಾಗಿಸಿ, ಬಲದ ಅಳತೆಯಾದ ಮೆಗಾಪಾಸ್ಕಲ್ ಒಂದಕ್ಕೆ ಎಷ್ಟು ಕಿಲೋ ಎಂದು ತೋರಿಸಿ. ನೀರು ಮತ್ತು ಕ್ಲೋರೈಡ್ ಒಳಗಿಳಿಯುವ ವೇಗ, ಇಂಗಾಲ ಇಳಿದ ಆಳ, ಈ ಮೂರರಲ್ಲಿ ಒಂದನ್ನಾದರೂ ಪರೀಕ್ಷಿಸಿ. ಬೂದಿಗೆ ಯಾವ ಹಂಚಿಕೆ ಹಿಡಿದಿರಿ, ಪ್ರತಿ ವಸ್ತು ಎಷ್ಟು ದೂರದಿಂದ ಬಂತು, ಗುಣಾಂಕ ಯಾವ ದೇಶದ್ದು ಎಂದು ಬರೆಯಿರಿ. ಯುರೋಪಿನ ವಿದ್ಯುತ್ತಿನ ಗುಣಾಂಕ ನಮಗೆ ಹೊಂದುವುದಿಲ್ಲ.

ಇನ್ನು, ಎರಕ ಹೊಯ್ಯುವ ದಿನವೇ ಪ್ರತಿ ಮಿಶ್ರಣಕ್ಕೆ ಆರು ಘನ ಹೆಚ್ಚು ತುಂಬಿಸಿ, ದಿನಾಂಕ ಗೀಚಿ, ತೊಟ್ಟಿಯ ಮೂಲೆಯಲ್ಲಿಡಿ. ಮೂರನ್ನು 56ನೇ ದಿನ, ಮೂರನ್ನು 90ನೇ ದಿನ ಒಡೆಯಿರಿ. ಬೂದಿಯ ಮಿಶ್ರಣ 28ನೇ ದಿನ ಹಿಂದಿದ್ದು 90ನೇ ದಿನಕ್ಕೆ ಓಪಿಸಿಯನ್ನು ಹಿಡಿಯುವುದು ಆ ಆರು ಘನಗಳಲ್ಲೇ ಕಾಣುವುದು.